ಒಂದೇ ಸೆಮಿಸ್ಟರ್‌ಗೆ ಬರುವವರಿಗೆ ನಿರವಯವ ರಸಾಯನಶಾಸ್ತ್ರ: ಪದೇ ಪದೇ ಕೇಳುವ ಪ್ರಶ್ನೆಗಳು

ಬೇರೆ ವಿಶ್ವವಿದ್ಯಾಲಯಗಳಿಂದ ಒಂದು ಸೆಮಿಸ್ಟರ್ ಮಟ್ಟಿಗೆ ನಮ್ಮ ತರಗತಿಗೆ ಬಂದು ಕೂರುವವರು ಪ್ರತಿ ವರ್ಷವೂ ಇರುತ್ತಾರೆ. ಕೆಲವರದ್ದು ಭೌತಶಾಸ್ತ್ರ, ಕೆಲವರದ್ದು ಕೃಷಿ, ಒಬ್ಬಿಬ್ಬರದ್ದು ಭೂವಿಜ್ಞಾನ. ಮೊದಲ ವಾರ ಎಲ್ಲರೂ ಕೇಳುವುದು ಹೆಚ್ಚುಕಡಿಮೆ ಇವೇ ಪ್ರಶ್ನೆಗಳು. ಪ್ರತಿ ಸಲ ಲ್ಯಾಬಿನ ಬಾಗಿಲಲ್ಲಿ ನಿಂತು ಹೇಳುವ ಬದಲು ಒಮ್ಮೆ ಬರೆದಿಟ್ಟುಬಿಡೋಣ ಅನ್ನಿಸಿತು.

ನಿರವಯವ ಅಂದರೆ ಏನು? ಬರೀ ಕಲ್ಲು-ಮಣ್ಣಿನ ರಸಾಯನಶಾಸ್ತ್ರವಾ?

ಹಿಂದೆ ಹಾಗೆ ಅಂದುಕೊಂಡಿದ್ದರು. ಜೀವಿಗಳಿಂದ ಬಂದದ್ದು ಸಾವಯವ, ಉಳಿದದ್ದು ನಿರವಯವ. 1828ರಲ್ಲಿ ವೋಲರ್ ಎಂಬ ಜರ್ಮನ್ ವಿಜ್ಞಾನಿ ಅಮೋನಿಯಂ ಸಯನೇಟ್‌ನಿಂದ ಯೂರಿಯಾ ಮಾಡಿದ ಮೇಲೆ ಆ ಗೋಡೆ ಬಿರುಕು ಬಿಟ್ಟಿತು. ಈಗ ಇಂಗಾಲದ ಸರಪಳಿಗಳನ್ನು ಪಕ್ಕದ ವಿಭಾಗಕ್ಕೆ ಬಿಟ್ಟು, ಉಳಿದ ಧಾತುಗಳನ್ನೆಲ್ಲ ನಾವು ನೋಡಿಕೊಳ್ಳುತ್ತೇವೆ. ಕಾರ್ಬೊನೇಟ್, ಸೈನೈಡ್ ಕೂಡ ನಮ್ಮ ಪಾಲಿಗೇ ಬಂದಿವೆ. ರಕ್ತದ ಹಿಮೋಗ್ಲೋಬಿನ್‌ನಲ್ಲಿರುವ ಕಬ್ಬಿಣ, ಎಲೆಯ ಪತ್ರಹರಿತ್ತಿನಲ್ಲಿರುವ ಮೆಗ್ನೀಶಿಯಂ, ಬಿ12 ವಿಟಮಿನ್‌ನಲ್ಲಿರುವ ಕೋಬಾಲ್ಟ್, ಇವೂ ಇಲ್ಲಿಯ ಪಾಠವೇ.

ಇದು ಪೂರ್ತಿ ಬಾಯಿಪಾಠದ ವಿಷಯ ಅಂತಾರಲ್ಲ, ನಿಜವಾ?

ಈ ಪ್ರಶ್ನೆ ಕೇಳದವರನ್ನು ನಾನು ಇನ್ನೂ ನೋಡಿಲ್ಲ. ಪಿಯುಸಿಯಲ್ಲಿ ಪಾಠ ಹಾಗೆ ನಡೆದಿರುತ್ತದೆ, ಅದಕ್ಕೇ ಈ ಹೆಸರು ಬಂದಿದೆ. ಬಣ್ಣಗಳ ಪಟ್ಟಿ, ಅದಿರುಗಳ ಪಟ್ಟಿ, ಗುಂಪುಗಳ ಪಟ್ಟಿ. ಪಟ್ಟಿಯಿಂದ ಶುರು ಮಾಡಿದರೆ ಯಾರಿಗಾದರೂ ಬೇಸರವೇ. ಒಂದು ವಸ್ತುವನ್ನು ಕೈಗೆತ್ತಿಕೊಂಡು ಅದರ ಬೆನ್ನು ಹತ್ತಿ ಹೋಗಿ ಅಂತ ನಾನು ಹೇಳುತ್ತೇನೆ. ಯಾವ ವಸ್ತು ಅಂದರೆ, ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟ್.

ನಾನು ಅಡಿಕೆ ತೋಟದ ಮನೆಯವನು. ಮಳೆಗಾಲ ಜೋರಾಗುವ ಮೊದಲು ಕೊಳೆರೋಗಕ್ಕೆ ಬೋರ್ಡೊ ದ್ರಾವಣ ಹೊಡೆಸಬೇಕು. ಲೆಕ್ಕ ಸುಲಭ: ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ಒಟ್ಟು ನೂರು ಲೀಟರ್ ನೀರು. ಎರಡನ್ನೂ ಬೇರೆ ಬೇರೆ ಕರಗಿಸಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಸುರಿಯುತ್ತಾ ಕಲಕಬೇಕು. ಆಮೇಲೆ ಅಪ್ಪ ಸೊಂಟದ ಕತ್ತಿ ತೆಗೆದು, ಉಜ್ಜಿ ಹೊಳಪು ಮಾಡಿ, ಅದರಲ್ಲಿ ಒಂದು ನಿಮಿಷ ಅದ್ದಿ ಎತ್ತುತ್ತಿದ್ದರು. ಅಲಗಿನ ಮೇಲೆ ಕೆಂಪು ಲೇಪ ಕಂಡರೆ "ಸುಣ್ಣ ಸಾಲದು, ಇನ್ನೊಂಚೂರು ಹಾಕು" ಅನ್ನುತ್ತಿದ್ದರು.

ಆ ಕೆಂಪು ಏನು? ತಾಮ್ರ. ಸುಣ್ಣಕ್ಕೆ ಸಿಗದೆ ನೀರಿನಲ್ಲೇ ಉಳಿದ ತಾಮ್ರದ ಅಯಾನು (ಎಲೆಕ್ಟ್ರಾನ್ ಕಳೆದುಕೊಂಡ ಪರಮಾಣು) ಕತ್ತಿಯ ಕಬ್ಬಿಣದಿಂದ ಎರಡು ಎಲೆಕ್ಟ್ರಾನ್ ಕಿತ್ತುಕೊಂಡು ಲೋಹವಾಗಿ ಕೂರುತ್ತದೆ. ಎಲೆಕ್ಟ್ರಾನ್ ಕಳೆದುಕೊಂಡ ಕಬ್ಬಿಣ ಕರಗುತ್ತದೆ. ಕಬ್ಬಿಣ ಎಲೆಕ್ಟ್ರಾನ್ ಬಿಡಲು ತಯಾರು, ತಾಮ್ರ ಅಷ್ಟಿಲ್ಲ. ಪುಸ್ತಕದಲ್ಲಿ ಇದಕ್ಕೆ ಉತ್ಕರ್ಷಣ (ಎಲೆಕ್ಟ್ರಾನ್ ಕಳೆದುಕೊಳ್ಳುವುದು), ಅಪಕರ್ಷಣ (ಪಡೆಯುವುದು), ಎಲೆಕ್ಟ್ರೋಡ್ ಪೊಟೆನ್ಶಿಯಲ್ ಅಂತ ಮೂರು ಅಧ್ಯಾಯ. ಇದೇ ಕಾರಣಕ್ಕೆ ದ್ರಾವಣವನ್ನು ಕಬ್ಬಿಣದ ಡ್ರಮ್ಮಿನಲ್ಲಿ ಮಾಡುವುದಿಲ್ಲ. ಇದನ್ನು ಬಾಯಿಪಾಠ ಮಾಡಬೇಕಾಗಿಲ್ಲ ಅಲ್ವಾ? ಒಮ್ಮೆ ಕತ್ತಿ ನೋಡಿದವರಿಗೆ ಮರೆಯುವುದೂ ಇಲ್ಲ.

ಮೈಸೂರು ಸಂಸ್ಥಾನದಲ್ಲಿ ಕೊಳೆರೋಗದ ಬೆನ್ನು ಹತ್ತಿ, ಈ ದ್ರಾವಣವನ್ನು ಅಡಿಕೆ ಬೆಳೆಗಾರರಿಗೆ ಪರಿಚಯಿಸಿದವರು ಕೆನಡಾದಿಂದ ಬಂದ ಲೆಸ್ಲಿ ಕೋಲ್ಮನ್, 1910ರ ಸುಮಾರಿಗೆ. ಫ್ರಾನ್ಸಿನ ಬೋರ್ಡೊ ಸೀಮೆಯ ದ್ರಾಕ್ಷಿ ತೋಟಕ್ಕೆಂದು ಹುಟ್ಟಿದ ಔಷಧಿ ನಮ್ಮ ಅಡಿಕೆ ಗೊನೆಗೆ ಬಂದದ್ದು ಹೀಗೆ.

ನಾನು ಕನ್ನಡ ಮಾಧ್ಯಮದಲ್ಲಿ ಓದಿದವನು. ಪದಗಳೇ ಗೊತ್ತಾಗದಿದ್ದರೆ?

ಎರಡು ವಾರ ಕಷ್ಟ, ಆಮೇಲೆ ಸರಿಹೋಗುತ್ತದೆ. ಧಾತು ಎಲಿಮೆಂಟ್ ಆಗುತ್ತದೆ, ಪ್ರತ್ಯಾಮ್ಲ ಬೇಸ್ ಆಗುತ್ತದೆ, ಲವಣ ಸಾಲ್ಟ್, ಉತ್ಕರ್ಷಣ ಆಕ್ಸಿಡೇಷನ್, ಆವರ್ತ ಕೋಷ್ಟಕ ಪೀರಿಯಾಡಿಕ್ ಟೇಬಲ್. ನೋಟ್ಸಿನ ಅಂಚಿನಲ್ಲಿ ಎರಡೂ ಬರೆದುಕೊಳ್ಳಿ. ನಿಜ ಹೇಳಬೇಕೆಂದರೆ ಕನ್ನಡ ಮಾಧ್ಯಮದವರಿಗೆ ಒಂದು ಲಾಭವೂ ಇದೆ. ಪಟಿಕ, ನವಸಾಗರ, ಸುಣ್ಣ, ಕಿಲುಬು, ತವರ, ಈ ಪದಗಳ ಜೊತೆಗೆ ವಸ್ತುವೂ ಗೊತ್ತಿರುತ್ತದೆ. "ಅಮೋನಿಯಂ ಕ್ಲೋರೈಡ್" ಅಂದಾಗ ಬಿಳಿ ಪುಡಿ ಮಾತ್ರ ಕಾಣುವವರಿಗಿಂತ ಕಲಾಯಿಯವನ ನವಸಾಗರ ನೆನಪಾಗುವವರು ಒಂದು ಹೆಜ್ಜೆ ಮುಂದೆ.

ಕಲಾಯಿ ಹಾಕುವುದನ್ನು ನೋಡಿಲ್ಲದವರಿಗೆ: ಹಿತ್ತಾಳೆ ಪಾತ್ರೆಯನ್ನು ಕಾಯಿಸಿ, ಒಳಗೆ ನವಸಾಗರ ಉದುರಿಸಿ, ಹತ್ತಿಯಿಂದ ಉಜ್ಜುತ್ತಾರೆ. ಭರ್ ಅಂತ ಬಿಳಿ ಹೊಗೆ ಏಳುತ್ತದೆ. ನವಸಾಗರ ಬಿಸಿಗೆ ಅಮೋನಿಯಾ ಮತ್ತು ಹೈಡ್ರೋಜನ್ ಕ್ಲೋರೈಡ್ ಆಗಿ ಒಡೆದು, ಲೋಹದ ಮೇಲಿನ ಆಕ್ಸೈಡ್ ಪದರವನ್ನು ತಿಂದುಹಾಕುತ್ತದೆ. ಮೇಲೆ ಹೋಗಿ ತಣ್ಣಗಾದ ಎರಡೂ ಅನಿಲ ಮತ್ತೆ ಸೇರಿಕೊಂಡದ್ದೇ ಆ ಹೊಗೆ. ಶುಚಿಯಾದ ಮೈಗೆ ತವರ ಹಿಡಿಯುತ್ತದೆ. ತವರ ಕರಗುವುದು 232 ಡಿಗ್ರಿಗೆ, ಹಾಗಾಗಿ ಇದ್ದಿಲ ಒಲೆ ಸಾಕು. ಆ ಪದರ ಇಲ್ಲದಿದ್ದರೆ ಹುಳಿಸಾರಿಗೆ ತಾಮ್ರ ಇಳಿಯುತ್ತದೆ.

ಆವರ್ತ ಕೋಷ್ಟಕದ 118 ಧಾತುಗಳೂ ಬಾಯಿಗೆ ಬರಬೇಕಾ?

ಬೇಡ. ಮೊದಲ ಮೂವತ್ತು, ಸತುವಿನವರೆಗೆ, ಕ್ರಮವಾಗಿ ಬರಲಿ. ಉಳಿದವು ಯಾವ ಗುಂಪಿನ ಕೆಳಗೆ ಇವೆ ಅನ್ನುವುದು ಗೊತ್ತಿದ್ದರೆ ಸಾಕು. ಕೋಷ್ಟಕ ಇರುವುದು ಊಹೆ ಮಾಡುವುದಕ್ಕೆ. ರಷ್ಯಾದ ಮೆಂಡಲೀವ್ 1869ರಲ್ಲಿ ಅದನ್ನು ಮೊದಲು ಮಾಡಿದಾಗ ಗೊತ್ತಿದ್ದದ್ದು ಅರವತ್ತಮೂರೇ ಧಾತು. ಆತ ಖಾಲಿ ಮನೆಗಳನ್ನು ಬಿಟ್ಟು, ಅಲ್ಲಿಗೆ ಬರುವ ಧಾತು ಹೀಗಿರುತ್ತದೆ ಅಂತ ಬರೆದ. ಹೆಸರಿಟ್ಟದ್ದು ನಮ್ಮ ಸಂಸ್ಕೃತದ ಅಂಕಿಗಳಿಂದ: ಅಲ್ಯೂಮಿನಿಯಂ ಕೆಳಗಿನ ಖಾಲಿ ಮನೆ ಏಕ-ಅಲ್ಯೂಮಿನಿಯಂ, ಸಿಲಿಕಾನ್ ಕೆಳಗಿನದು ಏಕ-ಸಿಲಿಕಾನ್.

1875ರಲ್ಲಿ ಫ್ರಾನ್ಸಿನ ಬುವಾಬೊದ್ರಾನ್ ಮೊದಲನೆಯದನ್ನು ಕಂಡುಹಿಡಿದು ಗ್ಯಾಲಿಯಂ ಅಂದ. ಸಾಂದ್ರತೆ 4.7 ಅಂತ ಅಳೆದಿದ್ದ. ವಸ್ತುವನ್ನೇ ನೋಡದ ಮೆಂಡಲೀವ್ "ಅದು 5.9ರ ಆಸುಪಾಸು ಇರಬೇಕು, ಇನ್ನೊಮ್ಮೆ ಶುದ್ಧ ಮಾಡಿ ನೋಡಿ" ಎಂಬರ್ಥದಲ್ಲಿ ಹೇಳಿಕಳಿಸಿದ. ಮತ್ತೆ ಅಳೆದರೆ 5.9! ಏಕ-ಸಿಲಿಕಾನ್ ಅಂದರೆ ಜರ್ಮೇನಿಯಂ 1886ರಲ್ಲಿ ಸಿಕ್ಕಿತು. ಅಂದಹಾಗೆ ಗ್ಯಾಲಿಯಂ 29.8 ಡಿಗ್ರಿಗೇ ಕರಗುತ್ತದೆ. ಅಂಗೈಯಲ್ಲಿಟ್ಟರೆ ನೀರಾಗುತ್ತದೆ. ಕಲಬುರಗಿಯ ಬೇಸಿಗೆಯಲ್ಲಿ ಅದಕ್ಕೆ ಗಟ್ಟಿಯಾಗುವ ಭಾಗ್ಯವೇ ಇಲ್ಲ.

4ಎಸ್ ಮೊದಲು ತುಂಬುತ್ತದೆ ಅಂತೀರಿ, ಅಯಾನು ಆಗುವಾಗ ಮೊದಲು ಹೋಗುವುದೂ 4ಎಸ್ ಅಂತೀರಿ. ಯಾವುದು ಸರಿ?

ಎರಡೂ. 4ಎಸ್, 3ಡಿ ಅಂದರೆ ಪರಮಾಣುವಿನಲ್ಲಿ ಎಲೆಕ್ಟ್ರಾನ್ ಕೂರುವ ಜಾಗಗಳು, ಆರ್ಬಿಟಲ್ ಅಂತಾರೆ. ತುಂಬುವ ಕ್ರಮ ಅನ್ನುವುದು ಎಲೆಕ್ಟ್ರಾನ್ ವಿನ್ಯಾಸ ಬರೆಯಲು ಒಂದು ಸೂತ್ರ, ಅಷ್ಟೆ. ನ್ಯೂಕ್ಲಿಯಸ್ಸಿನ ಚಾರ್ಜ್ ಹೆಚ್ಚಾಗಿ 3ಡಿ ಒಳಗೆ ಎಲೆಕ್ಟ್ರಾನ್ ಕೂತ ಮೇಲೆ ಅದು ಇನ್ನೂ ಒಳಕ್ಕೆ, ಕೆಳಕ್ಕೆ ಇಳಿಯುತ್ತದೆ. 4ಎಸ್ ಹೊರಗೆ ಉಳಿಯುತ್ತದೆ. ಹೊರಗಿದ್ದದ್ದು ಮೊದಲು ಹೋಗುತ್ತದೆ. ಕಬ್ಬಿಣ ಎರಡು ಕಳೆದುಕೊಂಡರೆ 3ಡಿಯಲ್ಲಿ ಆರೂ ಹಾಗೇ ಉಳಿಯುತ್ತವೆ, ಮೂರು ಕಳೆದುಕೊಂಡರೆ ಐದು. ಐದು ಅಂದರೆ ಸರಿಯಾಗಿ ಅರ್ಧ ತುಂಬಿದ ಸ್ಥಿತಿ. ಪರೀಕ್ಷೆಯಲ್ಲಿ ನಾಲ್ಕು ಜನ ಇದ್ದರೆ ಮೂರು ಜನ ಇಲ್ಲೇ ಅಂಕ ಬಿಡುತ್ತಾರೆ.

ಕೆಲವು ಲವಣಕ್ಕೆ ಬಣ್ಣ, ಕೆಲವಕ್ಕೆ ಇಲ್ಲ. ಯಾಕೆ?

ಮತ್ತೆ ಮೈಲುತುತ್ತಕ್ಕೆ ಬನ್ನಿ. ಟೆಸ್ಟ್ ಟ್ಯೂಬಿನಲ್ಲಿ ಎರಡು ಹರಳು ಹಾಕಿ ನಿಧಾನವಾಗಿ ಕಾಯಿಸಿ. ಟ್ಯೂಬಿನ ಬಾಯಿಯನ್ನು ಸ್ವಲ್ಪ ಕೆಳಕ್ಕೆ ಬಗ್ಗಿಸಿ ಹಿಡಿಯಿರಿ, ಇಲ್ಲದಿದ್ದರೆ ಮೇಲೆ ಕೂತ ನೀರು ಬಿಸಿ ಗಾಜಿಗೆ ಇಳಿದು ಟ್ಯೂಬು ಠಪ್ ಅನ್ನುತ್ತದೆ. ನೀಲಿ ಹರಳು ಅಂಚಿನಿಂದ ಬೆಳ್ಳಗಾಗುತ್ತಾ ಬಂದು ಕೊನೆಗೆ ಸುಣ್ಣದ ಪುಡಿಯಂತೆ ಉದುರುತ್ತದೆ. ತಣ್ಣಗಾದ ಮೇಲೆ ಒಂದು ಹನಿ ನೀರು ಬಿಡಿ. ಮತ್ತೆ ನೀಲಿ. ಕೈಗೆ ಬಿಸಿಯೂ ತಾಗುತ್ತದೆ. ಇಪ್ಪತ್ತು ವರ್ಷದಿಂದ ತೋರಿಸುತ್ತಿದ್ದೇನೆ, ನನಗೇ ಇನ್ನೂ ಬೇಜಾರಾಗಿಲ್ಲ.

ಅಂದರೆ ನೀಲಿ ಬಣ್ಣ ತಾಮ್ರ ಒಂದರದ್ದೇ ಅಲ್ಲ. ಅದರ ಸುತ್ತ ಯಾರು ಕೂತಿದ್ದಾರೆ ಅನ್ನುವುದರ ಮೇಲೆ ಹೋಗುತ್ತದೆ. ಹರಳಿನಲ್ಲಿ ಒಂದು ತಾಮ್ರಕ್ಕೆ ಐದು ನೀರು. ನಾಲ್ಕು ತಾಮ್ರವನ್ನೇ ಹಿಡಿದುಕೊಂಡಿವೆ, ಐದನೆಯದು ಸಲ್ಫೇಟಿನ ಕಡೆ ಹೈಡ್ರೋಜನ್ ಬಂಧದಲ್ಲಿ ನಿಂತಿದೆ. ಸುತ್ತ ಕೂತವರ ಪ್ರಭಾವದಿಂದ ತಾಮ್ರದ ಐದು ಡಿ ಆರ್ಬಿಟಲ್‌ಗಳು ಒಂದೇ ಮಟ್ಟದಲ್ಲಿ ಉಳಿಯದೆ ಮೇಲೆ-ಕೆಳಗೆ ಆಗುತ್ತವೆ. ಕೆಳಗಿನ ಎಲೆಕ್ಟ್ರಾನ್ ಬೆಳಕು ನುಂಗಿ ಮೇಲಕ್ಕೆ ಹಾರುತ್ತದೆ. ನೀರು ಸುತ್ತ ಇದ್ದಾಗ ಅದು ನುಂಗುವುದು ಕೆಂಪು-ಕಿತ್ತಳೆ ಕಡೆಯ ಬೆಳಕು, ಉಳಿದದ್ದು ನಮಗೆ ನೀಲಿ. ನೀರು ಹೋದರೆ ಅಂತರ ಕಿರಿದಾಗಿ, ನುಂಗುವ ಬೆಳಕು ಕಣ್ಣಿಗೆ ಕಾಣದ ಅವಕೆಂಪಿಗೆ ಸರಿಯುತ್ತದೆ. ಪುಡಿ ಬೆಳ್ಳಗೆ ಕಾಣುತ್ತದೆ. ಅಮೋನಿಯಾ ಹಾಕಿದರೆ ಅಂತರ ಜಾಸ್ತಿಯಾಗಿ ಕಡುನೀಲಿ. ಸತುವಿನಲ್ಲಿ ಡಿ ಪೂರ್ತಿ ತುಂಬಿದೆ, ಹಾರಲು ಜಾಗವೇ ಇಲ್ಲ. ಅದಕ್ಕೇ ಜಿಂಕ್ ಸಲ್ಫೇಟ್ ಬಿಳಿ.

"ಹಾಗಾದರೆ ಪರ್ಮ್ಯಾಂಗನೇಟ್‌ನಲ್ಲಿ ಡಿ ಎಲೆಕ್ಟ್ರಾನ್ ಒಂದೂ ಇಲ್ಲ, ಅದ್ಯಾಕೆ ಅಷ್ಟು ನೇರಳೆ?" ಅಂತ ಕೇಳಿದರೆ ನೀವು ಪಾಠ ಸರಿಯಾಗಿ ಕೇಳಿದ್ದೀರಿ ಅಂತ ಅರ್ಥ. ಅಲ್ಲಿ ಎಲೆಕ್ಟ್ರಾನ್ ಆಕ್ಸಿಜನ್‌ನಿಂದ ಮ್ಯಾಂಗನೀಸಿಗೆ ಜಿಗಿಯುತ್ತದೆ. ಈ ಜಿಗಿತ ತುಂಬ ಜೋರು, ಬಣ್ಣವೂ ಜೋರು.

ಲೆಕ್ಕ ಇಷ್ಟಪಡುವವರಿಗೆ ಒಂದು ವಿಷಯ: ಮೈಲುತುತ್ತದ ತೂಕದಲ್ಲಿ ಶೇ 36 ನೀರು, ಶೇ 25ರಷ್ಟು ತಾಮ್ರ. ಒಂದು ಕೆಜಿ ತಂದರೆ 360 ಗ್ರಾಂ ನೀರಿಗೂ ದುಡ್ಡು ಕೊಟ್ಟಿರುತ್ತೀರಿ. ಅಪ್ಪನಿಗೆ ಇದನ್ನು ಹೇಳಿದಾಗ ಅಂಗಡಿಯವನ ಮೇಲೆ ಸಿಟ್ಟು ಮಾಡಿಕೊಂಡಿದ್ದರು.

ಕಾಂಪ್ಲೆಕ್ಸ್ ಸಂಯುಕ್ತಗಳ ಪಾಠವೇ ಅರ್ಥವಾಗುವುದಿಲ್ಲ. ಎಲ್ಲಿಂದ ಹಿಡಿಯಬೇಕು?

ಲೋಹದ ಸುತ್ತ ಬೇರೆ ಅಣು, ಅಯಾನುಗಳು ಅಂಟಿ ಕೂತದ್ದೇ ಕಾಂಪ್ಲೆಕ್ಸ್. ಸ್ವಿಸ್ ವಿಜ್ಞಾನಿ ವರ್ನರ್ ಹಿಡಿದ ಕಡೆಯಿಂದಲೇ ಹಿಡಿಯಿರಿ. ಕೋಬಾಲ್ಟ್ ಕ್ಲೋರೈಡಿಗೆ ಅಮೋನಿಯಾ ಸೇರಿದ ಕೆಲವು ಲವಣಗಳಿದ್ದವು. ಎಲ್ಲದರಲ್ಲೂ ಒಂದು ಕೋಬಾಲ್ಟಿಗೆ ಮೂರು ಕ್ಲೋರಿನ್. ಆದರೆ ಸಿಲ್ವರ್ ನೈಟ್ರೇಟ್ ಹಾಕಿದರೆ, ಆರು ಅಮೋನಿಯಾ ಇರುವ ಹಳದಿ ಲವಣದಲ್ಲಿ ಮೂರೂ ಕ್ಲೋರಿನ್ ಬಿಳಿ ಗಸಿಯಾಗಿ ಇಳಿಯುತ್ತವೆ. ಐದು ಅಮೋನಿಯಾದ ನೇರಳೆ ಲವಣದಲ್ಲಿ ಎರಡೇ. ನಾಲ್ಕರ ಹಸಿರು ಲವಣದಲ್ಲಿ ಒಂದೇ. ಉಳಿದ ಕ್ಲೋರಿನ್ ಎಲ್ಲಿ ಹೋಯಿತು? ಅಮೋನಿಯಾ ಖಾಲಿ ಮಾಡಿದ ಜಾಗದಲ್ಲಿ ಕೋಬಾಲ್ಟಿಗೆ ನೇರವಾಗಿ ಅಂಟಿ ಕೂತಿದೆ, ಬೆಳ್ಳಿಯ ಕೈಗೆ ಸಿಗುವುದಿಲ್ಲ. ಈ ಕೋಬಾಲ್ಟಿನ ಸುತ್ತ ಆರು ಜಾಗ, ಆರೂ ಯಾವಾಗಲೂ ಭರ್ತಿ. 1893ರಲ್ಲಿ ಇದನ್ನು ಬರೆದಾಗ ವರ್ನರ್‌ಗೆ ಇಪ್ಪತ್ತಾರು ವರ್ಷ. 1913ರಲ್ಲಿ ನೊಬೆಲ್ ಬಂತು. ಎಲೆಕ್ಟ್ರಾನ್ ಏನೆಂದು ಗೊತ್ತಾಗುವ ಮೊದಲೇ, ಬರೀ ಗಸಿ ಎಣಿಸಿ ಇಷ್ಟು ಹೇಳಿದ್ದ. ಈ ಮೂರು ಲವಣವನ್ನು ಹಾಳೆಯ ಮೇಲೆ ಬಿಡಿಸಿಕೊಂಡರೆ ಅರ್ಧ ಅಧ್ಯಾಯ ಮುಗಿದಂತೆ.

ಕೋಲಾರದ ಚಿನ್ನ ಹೊರಬಂದದ್ದೂ ಕಾಂಪ್ಲೆಕ್ಸ್ ದಾರಿಯಲ್ಲೇ. ಸುಮ್ನೆ ಆಮ್ಲಕ್ಕೆ ಬಗ್ಗದ ಚಿನ್ನ, ಗಾಳಿಯ ಆಕ್ಸಿಜನ್ ಮತ್ತು ಸೈನೈಡ್ ಎರಡೂ ಇದ್ದರೆ ನೀರಿಗಿಳಿಯುತ್ತದೆ. ಎರಡು ಸೈನೈಡ್ ಅದನ್ನು ಎರಡೂ ಕಡೆಯಿಂದ ಹಿಡಿದುಕೊಳ್ಳುತ್ತವೆ. ಆಮೇಲೆ ಸತುವಿನ ಪುಡಿ ಹಾಕಿದರೆ ಚಿನ್ನ ಬಿಡುಗಡೆ, ಅಪ್ಪನ ಕತ್ತಿಯ ಮೇಲೆ ತಾಮ್ರ ಕೂತ ಹಾಗೆಯೇ. ಗಣಿ 2001ರಲ್ಲಿ ಮುಚ್ಚಿತು, ಅರೆದು ಚಿನ್ನ ತೆಗೆದುಕೊಂಡ ಮೇಲೆ ಉಳಿದ ಪುಡಿಯ ಗುಡ್ಡಗಳು ಊರಿನ ಪಕ್ಕ ಹಾಗೇ ಇವೆ. ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಚಿನ್ನ ಈಗಲೂ ಬರುತ್ತಿದೆ.

ಸಾಲ್ಟ್ ಅನಾಲಿಸಿಸ್‌ನಲ್ಲಿ ಗುಂಪುಗಳ ಕ್ರಮ ಯಾಕೆ ಮುಖ್ಯ?

ಗೊತ್ತಿಲ್ಲದ ಲವಣದಲ್ಲಿ ಯಾವ ಲೋಹ ಇದೆ ಅಂತ, ಗುಂಪು ಗುಂಪಾಗಿ ಗಸಿ ಇಳಿಸಿ ಹುಡುಕುವುದು ಸಾಲ್ಟ್ ಅನಾಲಿಸಿಸ್. ಜರಡಿ ಹಿಡಿದ ಹಾಗೆ ಅದು. ಮೊದಲು ದೊಡ್ಡ ಕಣ್ಣಿನದ್ದು, ಆಮೇಲೆ ಸಣ್ಣದ್ದು. ತಾಮ್ರದ ಸಲ್ಫೈಡ್ ಎಷ್ಟು ಕರಗದ ವಸ್ತು ಅಂದರೆ, ಆಮ್ಲಕ್ಕೆ ಹೈಡ್ರೋಜನ್ ಸಲ್ಫೈಡ್ ಅನಿಲ ಬಿಟ್ಟಾಗ ಸಲ್ಫೈಡ್ ಅಯಾನು ಚೂರೇ ಚೂರು ಇದ್ದರೂ ಕಪ್ಪಗೆ ಇಳಿದುಬಿಡುತ್ತದೆ. ಅದು ಎರಡನೇ ಗುಂಪು. ಸತು, ಮ್ಯಾಂಗನೀಸಿಗೆ ಅಷ್ಟು ಸಾಲದು, ಸಲ್ಫೈಡ್ ಹೆಚ್ಚು ಬೇಕು. ಅದಕ್ಕೆ ಅಮೋನಿಯಾ ಹಾಕಿ ಮತ್ತೆ ಅದೇ ಅನಿಲ ಬಿಡುತ್ತೇವೆ. ಅದು ನಾಲ್ಕನೇ ಗುಂಪು. ಮೊದಲೇ ಅಮೋನಿಯಾ ಹಾಕಿಬಿಟ್ಟರೆ ಎಲ್ಲ ಒಟ್ಟಿಗೆ ಇಳಿದು ಚಿತ್ರಾನ್ನ.

ಕಬ್ಬಿಣ ಇಳಿಯುವ ಮೂರನೇ ಗುಂಪಿಗೆ ಅಮೋನಿಯಂ ಹೈಡ್ರಾಕ್ಸೈಡಿಗಿಂತ ಮೊದಲು ಅಮೋನಿಯಂ ಕ್ಲೋರೈಡ್ ಹಾಕುವುದು ಹೈಡ್ರಾಕ್ಸೈಡ್ ಅಯಾನನ್ನು ಹದ್ದುಬಸ್ತಿನಲ್ಲಿಡಲು. ಇಲ್ಲದಿದ್ದರೆ ಮೆಗ್ನೀಶಿಯಂ ಕೂಡ ಅಲ್ಲೇ ಇಳಿಯುತ್ತದೆ. ಒಂದು ಹನಿ ನೈಟ್ರಿಕ್ ಆಮ್ಲ ಹಾಕಿ ಕುದಿಸುವುದು ಕಬ್ಬಿಣವನ್ನು ಎರಡರಿಂದ ಮೂರಕ್ಕೆ ಏರಿಸಲು. ವೈವಾದಲ್ಲಿ ನಾವು ಕೇಳುವುದು ಈ ಎರಡು "ಯಾಕೆ"ಗಳನ್ನೇ.

ಫ್ಲೇಮ್ ಟೆಸ್ಟ್ ಮಾಡಿದರೆ ನನಗೆ ಎಲ್ಲ ಲವಣವೂ ಹಳದಿಯೇ ಕಾಣುತ್ತದೆ!

ಅದು ನಿಮ್ಮ ಬೆವರು. ಸೋಡಿಯಂ ಕಣದಷ್ಟಿದ್ದರೂ ಜ್ವಾಲೆ ಬಂಗಾರದ ಹಳದಿ ಆಗುತ್ತದೆ. ಲವಣವನ್ನು ಜ್ವಾಲೆಗೆ ಹಿಡಿಯುವ ತಂತಿಯ ತುದಿ ಮುಟ್ಟಬೇಡಿ. ಆಮ್ಲದಲ್ಲಿ ಅದ್ದಿ ಕಾಯಿಸಿ, ಮತ್ತೆ ಅದ್ದಿ ಕಾಯಿಸಿ, ಜ್ವಾಲೆಗೆ ಬಣ್ಣ ಬರದ ತನಕ. ಆಮೇಲೆ ಕ್ಯಾಲ್ಸಿಯಂ ಇಟ್ಟಿಗೆ ಕೆಂಪು, ಬೇರಿಯಂ ಎಳೆ ಹಸಿರು, ತಾಮ್ರ ನೀಲಿ ಬೆರೆತ ಹಸಿರು. ಪೊಟ್ಯಾಸಿಯಂ ನಸುನೇರಳೆಯನ್ನು ಕೋಬಾಲ್ಟ್ ಗಾಜಿನ ಮೂಲಕ ನೋಡಿ.

ಟೈಟ್ರೇಶನ್ ರೀಡಿಂಗ್ ಒಂದಕ್ಕೊಂದು ತಾಳೆಯಾಗುವುದಿಲ್ಲ. ಏನು ತಪ್ಪು?

ಟೈಟ್ರೇಶನ್ ಅಂದರೆ ಫ್ಲಾಸ್ಕಿನಲ್ಲಿರುವ ದ್ರಾವಣಕ್ಕೆ ಇನ್ನೊಂದನ್ನು ಬ್ಯುರೆಟ್ ಎಂಬ ಅಳತೆ ಕೊಳವೆಯಿಂದ ಹನಿಹನಿಯಾಗಿ ಬಿಟ್ಟು ಅಳೆಯುವುದು. ಹೆಚ್ಚಿನ ಸಲ ಬ್ಯುರೆಟ್ಟಿನ ತುದಿಯಲ್ಲಿ ಗಾಳಿಗುಳ್ಳೆ. ಅಥವಾ ಬ್ಯುರೆಟ್ಟನ್ನು ದ್ರಾವಣದಿಂದ ತೊಳೆಯದೆ ನೀರಿನಿಂದ ಮಾತ್ರ ತೊಳೆದಿರುತ್ತೀರಿ. ಕೋನಿಕಲ್ ಫ್ಲಾಸ್ಕ್ ಉಲ್ಟಾ, ಅದನ್ನು ನೀರಿನಿಂದಷ್ಟೇ ತೊಳೆಯಬೇಕು. ಪರ್ಮ್ಯಾಂಗನೇಟ್ ಆದರೆ ಬಣ್ಣ ದಟ್ಟ, ಕೆಳಗಿನ ಗೆರೆ ಕಾಣುವುದಿಲ್ಲ, ಮೇಲಿನ ಅಂಚನ್ನು ಓದಿ. ಆಕ್ಸಾಲಿಕ್ ಆಮ್ಲವನ್ನು 60ರಿಂದ 70 ಡಿಗ್ರಿಗೆ ಬಿಸಿ ಮಾಡಿಕೊಂಡಿರಬೇಕು. ಮೊದಲ ಹನಿಯ ಬಣ್ಣ ಹೋಗಲು ತಡ ಮಾಡುತ್ತದೆ, ಗಾಬರಿಯಾಗಬೇಡಿ. ಹುಟ್ಟಿದ ಮ್ಯಾಂಗನೀಸ್ ಅಯಾನೇ ಮುಂದಿನ ಹನಿಗಳ ಕೆಲಸವನ್ನು ಚುರುಕು ಮಾಡುತ್ತದೆ.

ನಾನು ಬಿಎಸ್ಸಿ ಎರಡನೇ ವರ್ಷದಲ್ಲಿ ಮೋರ್ಸ್ ಸಾಲ್ಟ್ (ಕಬ್ಬಿಣದ ಒಂದು ಲವಣ) ಟೈಟ್ರೇಶನ್ನಿಗೆ ಪಕ್ಕದ ಬಾಟಲಿಯ ಹೈಡ್ರೋಕ್ಲೋರಿಕ್ ಆಮ್ಲ ಸುರಿದಿದ್ದೆ. ಆಮ್ಲ ಆಮ್ಲವೇ ತಾನೆ ಅಂದುಕೊಂಡು. 10.4, 11.1, 11.9. ಇಡೀ ಮಧ್ಯಾಹ್ನ ಹೋಯಿತು. ಪರ್ಮ್ಯಾಂಗನೇಟ್ ಕಬ್ಬಿಣದ ಜೊತೆ ಕ್ಲೋರೈಡನ್ನೂ ಉತ್ಕರ್ಷಿಸುತ್ತಾ ಕೂತಿತ್ತು. ನೈಟ್ರಿಕ್ ಆಗದು, ಅದೇ ಸ್ವತಃ ಉತ್ಕರ್ಷಕ. ಸಾರರಿಕ್ತ ಸಲ್ಫ್ಯೂರಿಕ್ ಮಾತ್ರ. ರೆಕಾರ್ಡಿನಲ್ಲಿ ಆ ಮೂರು ಅಂಕಿಯನ್ನು ತಿದ್ದಿ 10.4 ಮಾಡಿದ್ದೆ, ಸಿಕ್ಕಿಬಿದ್ದೆ. ನೀವು ತಿದ್ದಬೇಡಿ, ತಪ್ಪಾದ ರೀಡಿಂಗಿಗೂ ಕಾರಣ ಬರೆದರೆ ನಾನು ಅಂಕ ಕೊಡುತ್ತೇನೆ.

ಲ್ಯಾಬ್ ಅಪಾಯವಾ?

ಆತುರ ಮಾಡಿದರೆ ಅಪಾಯ. ಆಮ್ಲವನ್ನು ನೀರಿಗೆ ಹಾಕಬೇಕು, ನೀರನ್ನು ಆಮ್ಲಕ್ಕಲ್ಲ. ಪಿಪೆಟ್ಟನ್ನು ಬಾಯಲ್ಲಿ ಎಳೆಯುವ ಹಳೇ ಚಾಳಿ ಇದ್ದರೆ ಇಲ್ಲಿಗೇ ಬಿಡಿ, ರಬ್ಬರ್ ಬಲ್ಬ್ ಇದೆ. ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಫ್ಯೂಮ್ ಹುಡ್ (ಅನಿಲವನ್ನು ಹೊರಗೆಳೆಯುವ ಗೂಡು) ಒಳಗೆ ಮಾತ್ರ. ವಾಸನೆ ಹೋಯಿತು ಅಂದರೆ ಅನಿಲ ಹೋಯಿತು ಅಂತಲ್ಲ, ಅದು ಜಾಸ್ತಿಯಾದಾಗ ಮೂಗೇ ಸೋಲುತ್ತದೆ.

ಸಿಲ್ವರ್ ನೈಟ್ರೇಟ್ ಬೆರಳಿಗೆ ತಾಗಿದರೆ ಸಂಜೆಯ ಹೊತ್ತಿಗೆ ಕಪ್ಪು ಕಲೆ. ಸೋಪು, ನಿಂಬೆಹಣ್ಣು ಯಾವುದಕ್ಕೂ ಹೋಗದು, ಚರ್ಮ ಕಳಚುವ ತನಕ ಇರುತ್ತದೆ. ವೋಟು ಹಾಕಿದ ಬೆರಳಿನ ಗುರುತು ಇದೇ. 1962ರ ಚುನಾವಣೆಯಿಂದ ಆ ಶಾಯಿ ಬರುತ್ತಿರುವುದು ನಮ್ಮ ಮೈಸೂರಿನ ಪೇಂಟ್ಸ್ ಅಂಡ್ ವಾರ್ನಿಷ್ ಕಾರ್ಖಾನೆಯಿಂದ, 1937ರಲ್ಲಿ ನಾಲ್ವಡಿಯವರು ಶುರು ಮಾಡಿಸಿದ್ದು.

ಗಣಿತ ಎಷ್ಟು ಬೇಕು?

ಅನುಪಾತ, ಲಾಗ್, ಸ್ವಲ್ಪ ಜ್ಯಾಮಿತಿ. ಭೌತಶಾಸ್ತ್ರದಿಂದ ಬಂದವರಿಗೆ ಇದು ರಜೆ ಇದ್ದ ಹಾಗೆ.

ನನ್ನ ವಿಶ್ವವಿದ್ಯಾಲಯ ಈ ಕ್ರೆಡಿಟ್ ಒಪ್ಪುತ್ತದಾ?

ಅದನ್ನು ನಿಮ್ಮ ವಿಭಾಗದಲ್ಲೇ ಕೇಳಿ, ಸೇರುವ ಮೊದಲೇ, ಬರವಣಿಗೆಯಲ್ಲಿ. ಥಿಯರಿ ಮತ್ತು ಪ್ರಾಕ್ಟಿಕಲ್ ಬೇರೆ ಬೇರೆ ಎಣಿಸುತ್ತಾರಾ ಅಂತಲೂ ಕೇಳಿ.

ಮೊದಲ ದಿನ ಏನು ತರಬೇಕು?

ಹತ್ತಿಯ ಕೋಟು, ಪಾದ ಮುಚ್ಚುವ ಶೂ, ಒಂದು ಹಳೇ ಬಟ್ಟೆ. ಉದ್ದ ಕೂದಲಿದ್ದರೆ ರಬ್ಬರ್ ಬ್ಯಾಂಡ್. ಜೊತೆಗೆ ನಿಮ್ಮ ಮನೆಯಿಂದ ಒಂದು ಲೀಟರ್ ನೀರು. ಅದರ ಗಡಸುತನವನ್ನು ಮೊದಲ ವಾರವೇ ಅಳೆಯುತ್ತೇವೆ. ಬಣ್ಣ ತೋರಿಸುವ ಸೂಚಕ ಹಾಕಿದ ಆ ನೀರಿಗೆ ಇಡಿಟಿಎ (ಗಡಸುತನ ತರುವ ಕ್ಯಾಲ್ಸಿಯಂ, ಮೆಗ್ನೀಶಿಯಂ ಅನ್ನು ಹಿಡಿದುಕೊಳ್ಳುವ ವಸ್ತು) ಹನಿಹನಿಯಾಗಿ ಬಿಟ್ಟಾಗ ದ್ರಾಕ್ಷಾರಸದ ಕೆಂಪು ತಟ್ಟನೆ ನೀಲಿಯಾಗುತ್ತದೆ, ಆ ಒಂದು ಹನಿ ನೋಡಲು ಪಕ್ಕದ ಟೇಬಲ್ಲಿನವರೂ ಬರುತ್ತಾರೆ. ಕುಡಿಯುವ ನೀರಿಗೆ ಭಾರತೀಯ ಮಾನಕದ ಪ್ರಕಾರ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ಮೂಲ ಇಲ್ಲದಿದ್ದರೆ 600ರ ತನಕ ನಡೆಯುತ್ತದೆ. ಬೇಳೆ ಬೇಯುವುದಿಲ್ಲ, ಸೋಪು ನೊರೆ ಬರುವುದಿಲ್ಲ, ಹಂಡೆಯೊಳಗೆ ಬಿಳಿ ಪದರ ಕಟ್ಟುತ್ತದೆ ಅನ್ನುವ ಮನೆಯ ನೀರಾದರೆ ಇನ್ನೂ ಚೆನ್ನ. ಬಾಟಲಿಯನ್ನು ಅದೇ ನೀರಿನಲ್ಲಿ ಎರಡು ಸಲ ಗಲಬರಿಸಿ ತುಂಬಿ. ಚೀಟಿಯ ಮೇಲೆ ಊರಿನ ಹೆಸರು, ಬಾವಿಯೋ ಬೋರ್‌ವೆಲ್ಲೋ ಅನ್ನುವುದನ್ನು ಪೆನ್ಸಿಲ್‌ನಲ್ಲೇ ಬರೆಯಿರಿ. ಪೆನ್ನಿನ ಶಾಯಿ ಒದ್ದೆಯಾದರೆ ಹರಡುತ್ತದೆ, ಹೋದ ವರ್ಷ ಮೂರು ಊರಿನ ನೀರು ಯಾವುದು ಯಾರದ್ದು ಅಂತ ಗೊತ್ತಾಗದೆ ಹೋಯಿತು.